ಲುಕ್ ಆಫ್ಟರ್: ಅರ್ಥ, ಪ್ರಯೋಗ ಮತ್ತು ನನ್ನ ಪುಕ್ಕಲುತನ

ಬಂಟ್ವಾಳ

ನಾನು ಹುಟ್ಟಾ ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ವಿಲಾಯತಿಗೆ ಹೋಗಿಬಂದು ಬರೆಯುವವರೆಲ್ಲ ಹಡಗಿನ ಕಂಬಿಗೆ ಒರಗಿ ನಿಂತು ಸಮುದ್ರ ನೋಡುವ ಧೈರ್ಯಸ್ಥರು. ನಾನಾದರೋ, ಮೂಡಬಿದ್ರೆಯಿಂದ ಬಂಟ್ವಾಳಕ್ಕೆ ಬರುವ ಬಸ್ಸು ಸಿದ್ಧಕಟ್ಟೆಯ ತಿರುವಿನಲ್ಲಿ ಸ್ವಲ್ಪ ವಾಲಿದರೂ ಪಕ್ಕದವರ ತೋಳು ಹಿಡಿದುಕೊಳ್ಳುವವನು.

ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷಗಳಾಗಿದ್ದವು. ನಾನು ಬೆಳ್ತಂಗಡಿಯ ಒಂದು ಹೈಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ಇಂಗ್ಲಿಷ್ ಮಾಸ್ಟ್ರು. ಹಳ್ಳಿಗಾಡಿನ ಇಂಗ್ಲಿಷ್ ಮಾಸ್ಟ್ರುಗಳನ್ನು ಆರು ತಿಂಗಳ ತರಬೇತಿಗೆ ಇಂಗ್ಲೆಂಡಿಗೆ ಕಳಿಸುತ್ತಾರಂತೆ ಎಂದು ಹೆಡ್ಮಾಸ್ಟ್ರು ಅರ್ಜಿ ತಂದು ಮುಂದಿಟ್ಟರು. ನನಗೆಲ್ಲಿ ಸಿಗುತ್ತದೆ ಎಂಬ ಧೈರ್ಯದಲ್ಲಿ ಸಹಿ ಹಾಕಿದೆ. ಸಿಕ್ಕಿಬಿಟ್ಟಿತು.

ಹೆದರಿಕೆಗೆ ಕಾರಣ ಉಂಟು. ನಾನು ಇಂಗ್ಲಿಷ್ ಕಲಿಸುತ್ತಿದ್ದದ್ದು ಹೀಗೆ: ಬೋರ್ಡಿನ ನಡುವೆ ಒಂದು ಗೆರೆ ಎಳೆಯುವುದು, ಎಡಕ್ಕೆ ಇಂಗ್ಲಿಷಿನ ಜೋಡಿ ಕ್ರಿಯಾಪದ, ಬಲಕ್ಕೆ ಕನ್ನಡದ ಅರ್ಥ. ಗಿವ್ ಅಪ್, ಬಿಟ್ಟುಬಿಡು. ಪುಟ್ ಆಫ್, ಮುಂದೂಡು. ಲುಕ್ ಆಫ್ಟರ್, ನೋಡಿಕೊಳ್ಳು. ಮಕ್ಕಳು ಅದನ್ನು ಬೆಳ್ತಂಗಡಿ ಪೇಟೆಗೆಲ್ಲ ಕೇಳುವ ಹಾಗೆ ರಾಗವಾಗಿ ಒದರುತ್ತಿದ್ದರು. ಬೆಲ್ಲು ಹೊಡೆದ ಮೇಲೆ ಅವರೂ ತುಳು, ನಾನೂ ತುಳು. ಹನ್ನೊಂದು ವರ್ಷ ಇವುಗಳ ಅರ್ಥ ಹೇಳಿದವನು ಒಬ್ಬ ಇಂಗ್ಲಿಷಿನವನ ಬಾಯಿಂದ ಒಂದನ್ನೂ ಕೇಳಿದವನಲ್ಲ.

ಬಂಟ್ವಾಳ ಪೇಟೆಯಲ್ಲಿ ಅಂಗಡಿ ಇಟ್ಟಿದ್ದ ನನ್ನ ಭಾವ, ಅಂದರೆ ಅಕ್ಕನ ಗಂಡ, ಬಿ.ಸಿ. ರೋಡಿನವರೆಗೆ ಬಂದು ಮಂಗಳೂರಿನ ಬಸ್ಸು ಹತ್ತಿಸಿದರು. ಬಸ್ಸು ಬರುವವರೆಗೆ ನಾನು ನನ್ನ ಟ್ರಂಕಿನ ಮೇಲೆಯೇ ಕುಳಿತಿದ್ದೆ.

"ನಿನ್ನ ಮುಖ ಯಾಕೆ ಹಾಗೆ ಉಂಟು? ನೀನು ಕಲಿಸ್ಲಿಕ್ಕೆ ಹೋಗುವುದಲ್ಲ ಮಾರಾಯ, ಕಲೀಲಿಕ್ಕೆ ಹೋಗುವುದು" ಎಂದರು ಭಾವ.

"ಅಲ್ಲಿ ಬಾಯಿ ಬಿಟ್ಟ ಕೂಡಲೇ ನನಗೆ ಏನೂ ಗೊತ್ತಿಲ್ಲ ಅಂತ ಗೊತ್ತಾದ್ರೆ? ವಾಪಸು ಕಳಿಸಿದ್ರೆ?"

"ಕಳಿಸಿದ್ರೆ ಬಾ. ಟಿಕೇಟು ಅವರೇ ಕೊಡ್ತಾರಲ್ಲ!"

ಸುತ್ತ ನಿಂತವರು ನಕ್ಕರು. ನನಗೆ ನಗು ಬರಲಿಲ್ಲ.

ಹಡಗು

ಮಂಗಳೂರಿನಿಂದ ಮುಂಬಯಿಗೆ ಸ್ಟೀಮರು, ಅಲ್ಲಿಂದ ದೊಡ್ಡ ಹಡಗು. ಹಡಗಿನ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನೂ ಇಲ್ಲ, ಏಕೆಂದರೆ ನಾನು ಕೋಣೆ ಬಿಟ್ಟು ಹೊರಗೆ ಬಂದದ್ದೇ ಕಡಿಮೆ. ಎರಡನೆಯ ದಿನ ಗಂಟೆ ಬಾರಿಸಿತು, ಓಡಾಟ ಕೇಳಿಸಿತು. ಹಡಗು ಮುಳುಗುತ್ತಿದೆ ಎಂದು ನಾನು ನೀರಲ್ಲಿ ತೇಲಿಸುವ ಗಾಳಿ ಅಂಗಿ ತೊಟ್ಟು, ಅದರ ಮೇಲೆ ಶಾಲು ಹೊದ್ದು, ಹೆಂಡತಿ ಕಟ್ಟಿಕೊಟ್ಟ ಹಪ್ಪಳದ ಡಬ್ಬಿ ಕಂಕುಳಲ್ಲಿಟ್ಟುಕೊಂಡು, ಪಂಚನಮಸ್ಕಾರ ಮಂತ್ರ ಹೇಳುತ್ತ ಮೇಲಕ್ಕೆ ಓಡಿದೆ. ಅದು ಅಪಾಯ ಬಂದರೆ ಏನು ಮಾಡಬೇಕೆಂಬ ಬರಿಯ ಅಭ್ಯಾಸವಂತೆ. ನೋಟೀಸ್ ಬೋರ್ಡಿನಲ್ಲಿ ಹಾಕಿದ್ದರಂತೆ. ಬಿಳಿಯ ಮಕ್ಕಳೆಲ್ಲ ನನ್ನ ಡಬ್ಬಿಯನ್ನು ನೋಡಿದವು. ಆಮೇಲೆ ಏಡನ್, ಸುಯೆಜ್ ಎಲ್ಲ ದಾಟಿದೆವು ಎಂದು ಬೇರೆಯವರು ಹೇಳಿ ನನಗೆ ಗೊತ್ತು.

ಲೀಡ್ಸ್

ನನ್ನನ್ನು ಹಾಕಿದ್ದು ಲೀಡ್ಸ್ ಎಂಬ ಪೇಟೆಗೆ. ಇಟ್ಟಿಗೆಯ ಮನೆಗಳು, ಹೊಗೆ ಹಿಡಿದು ಕಪ್ಪಾದವು, ಒಂದರ ಗೋಡೆಗೆ ಒಂದು ಅಂಟಿಕೊಂಡು ಬೀದಿಯುದ್ದಕ್ಕೂ ನಿಂತಿದ್ದವು. ಎಲ್ಲ ಬಾಗಿಲುಗಳೂ ಹಾಡುಹಗಲೇ ಮುಚ್ಚಿದ್ದವು. ಬೀದಿಗೆ ಬೀದಿಯೇ ಯಾವುದೋ ಮದುವೆಗೆ ಹೋಗಿದೆ ಎಂದುಕೊಂಡೆ. ನಮ್ಮ ಕಡೆ ಹಗಲು ಬಾಗಿಲು ಮುಚ್ಚಿದ್ದರೆ ಮನೆಯಲ್ಲಿ ಜನ ಇಲ್ಲ ಎಂದೇ ಅರ್ಥ.

ನಾನು ಬಾಡಿಗೆಗೆ ಉಳಿದ ಮನೆಯ ಒಡತಿ ಮಿಸೆಸ್ ಹಾಲ್, ಐವತ್ತು ದಾಟಿದ ವಿಧವೆ. ಅವರ ತಾಯಿಗೆ ಎಂಬತ್ತರ ಮೇಲೆ. ಮೆಟ್ಟಿಲು ಹತ್ತಲಾಗದೆ ಆ ಅಜ್ಜಿ ಬೀದಿ ಬದಿಯ ಕೋಣೆಯಲ್ಲೇ ಮಂಚದ ಮೇಲೆ ಇದ್ದರು. ನನ್ನ ಕೋಣೆ ಮೇಲೆ. ಅವರ ಮಾತನ್ನೆಲ್ಲ ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಅವರು ಆಡಿದ ಇಂಗ್ಲಿಷು ನನಗೇ ಪೂರ್ತಿ ತಲೆಗೆ ಹೋಗುತ್ತಿರಲಿಲ್ಲ.

ಮೊದಲ ಫಜೀತಿ ಊಟದ್ದು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಆ ಊರಿನಲ್ಲಿ ಚಳಿಗಾಲದ ಸೂರ್ಯ ನಾಲ್ಕು ಗಂಟೆಗೇ ಅಂಗಡಿ ಮುಚ್ಚುತ್ತಾನೆ. ಮಿಸೆಸ್ ಹಾಲ್ ಊಟ ಬಡಿಸುವುದು ಐದೂವರೆಗೆ. ಮೂರು ದಿನ "ಹಸಿವಿಲ್ಲ" ಎಂದೆ. ತಾವು ಮಾಡಿದ್ದು ನನಗೆ ಹಿಡಿಸಲಿಲ್ಲ ಎಂದು ಅವರು ಮುಖ ಸಣ್ಣ ಮಾಡಿಕೊಂಡರು. ನಾಲ್ಕನೆಯ ದಿನ ಹೇಗೋ ಹೇಳಿದೆ. ಆ ಮೇಲೆ ಅವರು ದಿನಾ ಪೇಪರಿನಲ್ಲಿ ಸೂರ್ಯಾಸ್ತದ ಹೊತ್ತು ನೋಡಿ, ಅದಕ್ಕೆ ಅರ್ಧ ಗಂಟೆ ಮೊದಲು ಕೋಸು, ಬಟಾಣಿ ಬೇಯಿಸಿ ತಟ್ಟೆ ಇಡತೊಡಗಿದರು. ನಾನು ಕಾಲೇಜಿನಲ್ಲಿರುವ ದಿನ ಬ್ರೆಡ್ಡು ಕಟ್ಟಿಕೊಡುತ್ತಿದ್ದರು.

ಕಾಲೇಜಿನ ನಮ್ಮ ಗುರುಗಳು ನರೆಗೂದಲಿನ ಗಿಡ್ಡ ಮನುಷ್ಯ. ಒಬ್ಬೊಬ್ಬರಿಗೆ ಒಂದೊಂದು ಜೋಡಿ ಕ್ರಿಯಾಪದ ಚೀಟಿ ಎತ್ತಿ ಕೊಟ್ಟರು. ನನಗೆ ಬಂದದ್ದು ಲುಕ್ ಆಫ್ಟರ್. "ಅರ್ಥ ನನಗೆ ಬೇಡ, ಅದು ಡಿಕ್ಷನರಿಯಲ್ಲಿದೆ. ಯಾರು, ಯಾರಿಗೆ, ಯಾವಾಗ ಇದನ್ನು ಹೇಳುತ್ತಾರೆ, ಹೇಳಿದ ಮೇಲೆ ಏನು ಮಾಡುತ್ತಾರೆ, ಬರೆದುಕೊಂಡು ಬನ್ನಿ. ಒಂದು ತಿಂಗಳ ನಂತರ ಪಾಠ ಮಾಡಿ ತೋರಿಸಬೇಕು" ಎಂದರು. ಪಾಠ ಸರಿಯಾಗದಿದ್ದರೆ ಸರ್ಟಿಫಿಕೇಟಿಲ್ಲ.

ನಾನು ಕಿವಿ ತೆರೆದುಕೊಂಡು ಬೀದಿ ಅಲೆದೆ. ಮೊದಲ ಪ್ರಯೋಗ ಬಸ್ಸಿನಲ್ಲೇ ಸಿಕ್ಕಿತು. ಇಳಿಯುವಾಗ ಕಂಡಕ್ಟರ್ ಹೆಂಗಸು "ಲುಕ್ ಆಫ್ಟರ್ ಯುವರ್‌ಸೆಲ್ಫ್, ಲವ್" ಎಂದಳು. ನಾನು ಬೆವರಿಬಿಟ್ಟೆ. ಪರಸ್ತ್ರೀ, ಅದೂ ಬಸ್ಸಿನ ತುಂಬ ಜನರ ಎದುರು. ಅಲ್ಲಿ ಎಲ್ಲರಿಗೂ ಹಾಗೆ ಹೇಳುವುದು ರೂಢಿ ಎಂದು ತಿಳಿಯಲು ವಾರ ಹಿಡಿಯಿತು. ಲೈಬ್ರರಿಯಲ್ಲಿ ಒಬ್ಬಳು ಗುರುತಿಲ್ಲದವನ ಹತ್ತಿರ ತನ್ನ ಚೀಲವನ್ನು ಲುಕ್ ಆಫ್ಟರ್ ಮಾಡಲು ಹೇಳಿ ಹೋದಳು. ಅವನು ಚೀಲದತ್ತ ಒಮ್ಮೆಯೂ ನೋಡದೆ ಪೇಪರು ಓದಿದ. ಒಬ್ಬ ಮುದುಕ ಬೂಟಿಗೆ ಪಾಲಿಶು ತಿಕ್ಕುತ್ತ, ಬೂಟನ್ನು ಲುಕ್ ಆಫ್ಟರ್ ಮಾಡಿದರೆ ಹತ್ತು ವರ್ಷ ಬಾಳುತ್ತದೆ ಎಂದ. ನಮ್ಮಲ್ಲಿ ಬೂಟನ್ನು ಯಾರೂ ನೋಡಿಕೊಳ್ಳುವುದಿಲ್ಲ, ನೋಡಿಕೊಳ್ಳಲಿಕ್ಕೆ ಮೊದಲು ಬೂಟು ಬೇಕಲ್ಲ. ನಮ್ಮಲ್ಲಿ ಗಲಾಟೆ ಆದಾಗ "ನಿನ್ನನ್ನು ನೋಡಿಕೊಳ್ತೇನೆ" ಎಂದು ಬೆದರಿಸುತ್ತಾರೆ, ಆ ಪ್ರಯೋಗ ಮಾತ್ರ ಅಲ್ಲಿ ಕೇಳಲಿಲ್ಲ. ಹೀಗೆ ಆರು ಪ್ರಯೋಗ ನೋಟ್‌ಬುಕ್ಕಿಗೆ ಬಿದ್ದವು. ನನ್ನ ಹೆದರಿಕೆಯೂ ಸ್ವಲ್ಪ ಇಳಿಯುತ್ತಾ ಬಂತು.

ಶನಿವಾರ

ಆ ಶನಿವಾರ ಬೆಳಿಗ್ಗೆ ಮಿಸೆಸ್ ಹಾಲ್ ಟೋಪಿ, ಕೋಟು ಹಾಕಿಕೊಂಡೇ ನನ್ನ ಬಾಗಿಲು ತಟ್ಟಿದರು. ಪಕ್ಕದ ಪೇಟೆಯಲ್ಲಿದ್ದ ಅವರ ತಂಗಿ ಹಿಮದಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಳು. ಯಾವಾಗಲೂ ಬಂದು ಕೂರುವ ಎದುರು ಮನೆಯ ಹೆಂಗಸಿಗೆ ಜ್ವರ.

"ನಾಲ್ಕು ಗಂಟೆಯವರೆಗೆ ಅಮ್ಮನನ್ನು ನೋಡಿಕೊಳ್ಳುತ್ತೀರಾ?"

ಲುಕ್ ಆಫ್ಟರ್! ನಾನು ಹೂಂ ಎಂದೆ. ಕೇಳಿದವರಿಗೆ ಇಲ್ಲ ಎನ್ನುವುದು ನಮಗೆ ಬಾರದು. ಅವರು ಬೇಗ ಬೇಗ ಹೇಳಿದರು: ಬೆಂಕಿಗೆ ಆಗಾಗ ಕಲ್ಲಿದ್ದಲು, ಹನ್ನೆರಡಕ್ಕೆ ಸೂಪು, ಒಂದು ಗಂಟೆಗೆ ಬಾಟಲಿಯ ಮದ್ದು ಒಂದು ಚಮಚ. "ಅಷ್ಟೇ. ಏನೂ ಕಷ್ಟವಿಲ್ಲ." ಅವರು ಹೋದ ಮೇಲೆ ನಾನು ಮೊದಲು ಮಾಡಿದ ಕೆಲಸ ಆ ವಾಕ್ಯವನ್ನು ಏಳನೆಯ ಪ್ರಯೋಗವೆಂದು ಬರೆದುಕೊಂಡದ್ದು.

ಕೆಳಗೆ ಹೋಗಿ ಮಂಚದ ಹತ್ತಿರ ಕುರ್ಚಿಯಲ್ಲಿ ಕೂತೆ. ಅಜ್ಜಿ ನನ್ನನ್ನು ನೋಡಿದರು, ನಾನು ಅಜ್ಜಿಯನ್ನು ನೋಡಿದೆ. ಇನ್ನು ಏನು ಮಾಡುವುದು ಎಂದು ನನಗೆ ತಿಳಿಯಲಿಲ್ಲ. ಅರ್ಥ ಗೊತ್ತಿತ್ತು, ಕೆಲಸ ಗೊತ್ತಿರಲಿಲ್ಲ.

ಬೆಂಕಿ ಕುಗ್ಗಿದಂತೆ ಕಂಡಿತು. ನಾನು ಜನ್ಮದಲ್ಲಿ ಒಲೆ ಹೊತ್ತಿಸಿದವನಲ್ಲ. ಬಕೆಟ್ಟಿನಲ್ಲಿದ್ದ ಕಲ್ಲಿದ್ದಲನ್ನು, ಪುಡಿಸಹಿತ, ಒಮ್ಮೆಲೇ ಸುರಿದೆ. ಬೆಂಕಿ ಉಸಿರು ಕಟ್ಟಿ ಹೊಗೆ ಕೋಣೆಗೆ ನುಗ್ಗಿತು. ಅಜ್ಜಿ ಕೆಮ್ಮತೊಡಗಿದರು. ನಿಲ್ಲದ ಕೆಮ್ಮು.

ಆಗ ನನಗೆ ತೋಚಿದ್ದು ಒಂದೇ. ಎದ್ದು ಬೀದಿ ಬಾಗಿಲನ್ನು ಹಾರು ಹೊಡೆದು ತೆರೆದೆ. ಆ ಮನೆಗೆ ಜಗಲಿ ಇಲ್ಲ, ಬಾಗಿಲು ತೆರೆದರೆ ನೇರ ಅಜ್ಜಿಯ ಮಂಚ. ಹೊಗೆ ಹೋಗಲಿ ಎಂಬುದು ಅರ್ಧ ಕಾರಣ. ಉಳಿದರ್ಧ, ಯಾರಾದರೂ ಬರಲಿ ಎಂದು. ಅದಕ್ಕೆ ಎರಡು ವರ್ಷ ಹಿಂದೆ ನಮ್ಮ ಮೂಡಬಿದ್ರೆಯ ಮನೆಯಲ್ಲಿ ನನ್ನ ಅಮ್ಮ ಎಂಟು ತಿಂಗಳು ಕಾಯಿಲೆಯಲ್ಲಿ ಮಲಗಿ ತೀರಿಕೊಂಡಿದ್ದರು. ಚಾವಡಿಯಲ್ಲೇ ಅವರ ಮಂಚ, ಬಾಗಿಲು ಹಗಲಿಡೀ ತೆರೆದೇ ಇರುತ್ತಿತ್ತು. ದಾರಿಯಲ್ಲಿ ಹೋಗುವವರು ಇಣುಕಿ "ಹೇಗುಂಟು ಈಗ?" ಎಂದು ಒಳಗೇ ಬರುವರು. ಒಬ್ಬರು ಬೆನ್ನು ಉಜ್ಜಿದರೆ ಇನ್ನೊಬ್ಬರು ಕಷಾಯದ ಹೆಸರು ಹೇಳುವರು. ನಾನು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬೆಳ್ತಂಗಡಿಯಿಂದ ಬಸ್ಸಿನಲ್ಲಿ ಬಂದು ಮಂಚದ ಹತ್ತಿರ ಕೂರುತ್ತಿದ್ದೆ. ಸೋಮವಾರ ಬೆಳಿಗ್ಗೆ ಹೊರಡುತ್ತಿದ್ದೆ. ಮಗ ಅಂದರೆ ಹೀಗಿರಬೇಕು, ತಾಯಿಯನ್ನು ಎಷ್ಟು ಚೆಂದ ನೋಡಿಕೊಂಡ ಎಂದು ಊರೆಲ್ಲ ಹೇಳಿತು. ನಾನೂ ನಂಬಿದ್ದೆ. ನನಗೆ ಗೊತ್ತಿದ್ದ ಶುಶ್ರೂಷೆ ಅಷ್ಟೇ, ತೆರೆದ ಬಾಗಿಲು ಮತ್ತು ಮಂಚದ ಹತ್ತಿರ ಒಂದು ಕುರ್ಚಿ.

ಲೀಡ್ಸಿನ ಆ ಬೀದಿಯಲ್ಲೂ ಜನ ಹೋಗುತ್ತಿದ್ದರು. ಒಬ್ಬ ಹ್ಯಾಟು ಎತ್ತಿ ವಂದಿಸಿ ಮುಂದೆ ಹೋದ. ಇಬ್ಬರು ಹೆಂಗಸರು ಸ್ವಲ್ಪ ನಿಧಾನಿಸಿದರು, ಒಳಗೆ ನೋಡಿದರು, ಏನೋ ಕಾಣಬಾರದ್ದು ಕಂಡಂತೆ ಮುಖ ತಿರುಗಿಸಿ ನಡೆದರು. ಯಾರೂ ಬರಲಿಲ್ಲ. ಹಿಮದ ಗಾಳಿ ಮಾತ್ರ ಬಂತು. ಬೆಂಕಿ ಪೂರ್ತಿ ಸತ್ತಿತು. ನಾನು ನನ್ನ ಕೋಟನ್ನೂ ಶಾಲನ್ನೂ ಅಜ್ಜಿಗೆ ಹೊದಿಸಿದೆ, ಬಾಗಿಲು ಮಾತ್ರ ಮುಚ್ಚಲಿಲ್ಲ. ಮುಚ್ಚಿದರೆ ಯಾರಿಗೂ ತಿಳಿಯುವುದಿಲ್ಲವಲ್ಲ. ಕುರ್ಚಿ ಅಡ್ಡ ಇಟ್ಟು ಇನ್ನಷ್ಟು ಅಗಲ ಮಾಡಿದೆ.

ಅಜ್ಜಿ ಮಾತಾಡಲಾಗದೆ ಕೈ ಎತ್ತಿ ಬಾಗಿಲ ಕಡೆ ತೋರಿಸಿದರು. ಒಮ್ಮೆ ಅಲ್ಲ, ಮೂರು ನಾಲ್ಕು ಸಲ. ಅವರೂ ಯಾರಾದರೂ ಬರುವುದನ್ನೇ ಕಾಯುತ್ತಿದ್ದಾರೆ ಎಂದುಕೊಂಡೆ. "ಬರುತ್ತಾರೆ ಮೇಡಂ, ಈಗ ಬರುತ್ತಾರೆ" ಎಂದೆ. ಮುಚ್ಚು ಎಂದು ಅವರು ಬೇಡುತ್ತಿದ್ದರು ಎಂಬುದು ಆಮೇಲೆ ಹೊಳೆಯಿತು.

ಸ್ವಲ್ಪ ಹೊತ್ತಿಗೆ ಕೆಮ್ಮು ನಿಂತಿತು. ನನಗೆ ಸಮಾಧಾನವಾಯಿತು. ನೋಡಿದರೆ ತುಟಿ ನೀಲಿ. ಎದೆಯಿಂದ ಒಂದು ಸಣ್ಣ ಸಿಳ್ಳೆಯ ಸದ್ದು. ದೇವರೇ, ಪರದೇಶದಲ್ಲಿ, ಯಾರದೋ ಮನೆಯಲ್ಲಿ, ಯಾರದೋ ತಾಯಿ ನನ್ನ ಕೈಯಲ್ಲಿ ಸಾಯುತ್ತಿದ್ದಾಳೆ! ಪೊಲೀಸರು ಬರುವುದು, ಕೋರ್ಟಿನಲ್ಲಿ ನನಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವುದು, ಮೂಡಬಿದ್ರೆಗೆ ತಂತಿ ಹೋಗುವುದು, ಎಲ್ಲ ಕಣ್ಣ ಮುಂದೆ ಬಂತು. ಅಜ್ಜಿಯನ್ನು ಎತ್ತಿ ಕೂರಿಸಬೇಕೇ, ಮುಟ್ಟಬಹುದೇ, ಬೆನ್ನು ತಿಕ್ಕಬೇಕೇ, ಒಂದೂ ಗೊತ್ತಿಲ್ಲ. ಎಂಟು ತಿಂಗಳು ನನ್ನ ಅಮ್ಮನನ್ನು ಎತ್ತಿ ಕೂರಿಸಿದ್ದು ಹೆಂಡತಿ. ಹೇಗೆ ಎತ್ತುತ್ತಾಳೆ ಎಂದು ನಾನು ನೋಡಿಯೂ ಇರಲಿಲ್ಲ.

ಓಡಿದೆ. ಬರಿಗಾಲಲ್ಲಿ, ಹಿಮದಲ್ಲಿ. ಎದುರು ಮನೆಯ ಬಾಗಿಲನ್ನು ಎರಡೂ ಕೈಯಲ್ಲಿ ಬಡಿದೆ. ಜ್ವರದ ಹೆಂಗಸು ರಾತ್ರಿ ಉಡುಪಿನಲ್ಲೇ ಬಂದಳು. ಕಷ್ಟಪಟ್ಟು ಕಲಿತ ಒಂದು ವಾಕ್ಯವೂ ಬಾಯಿಗೆ ಬರಲಿಲ್ಲ. "ಅಮ್ಮ, ಅಮ್ಮ" ಎಂದು ಕೈ ತೋರಿಸಿದೆ. ಅವಳು ನನ್ನನ್ನು ದೂಡಿಕೊಂಡೇ ಬಂದಳು, ಒಳಗೆ ಕಾಲಿಟ್ಟ ಕೂಡಲೇ ಕುರ್ಚಿಯನ್ನು ಒದ್ದು ಬಾಗಿಲು ಮುಚ್ಚಿದಳು. ಬೆನ್ನ ಹಿಂದೆ ದಿಂಬಿಟ್ಟು ಅಜ್ಜಿಯನ್ನು ಕೂರಿಸಿದಳು, ಬೂದಿ ಕೆದಕಿ ಬೆಂಕಿ ಎಬ್ಬಿಸಿದಳು. ಅವಳ ಗಂಡ ಡಾಕ್ಟರನ್ನು ಕರೆತಂದ. ಡಾಕ್ಟರು ಎದೆ ನೋಡಿ, ಸೂಜಿ ಚುಚ್ಚಿ, ನನ್ನ ಕಡೆ ತಿರುಗಿ ಕೇಳಿದರು:

"ಕೋಣೆ ಇಷ್ಟು ತಣ್ಣಗಾದದ್ದು ಹೇಗೆ?"

"ಬೆಂಕಿ ಆರಿತು" ಎಂದೆ.

ಎದುರು ಮನೆಯ ಹೆಂಗಸು ನನ್ನ ಮುಖವನ್ನೇ ನೋಡಿದಳು.

ಮಂಗಳವಾರ

ಆ ಶನಿವಾರ ಸಂಜೆ ಬಂದ ಮಿಸೆಸ್ ಹಾಲ್ ನನ್ನ ಕೈ ಹಿಡಿದು, ನೀವು ಅಮ್ಮನನ್ನು ನೋಡಿಕೊಂಡಿರಿ, ಹೊತ್ತಿಗೆ ಸರಿಯಾಗಿ ಜನ ಕರೆದಿರಿ ಎಂದರು. ಇದು ಎಂಟನೆಯ ಪ್ರಯೋಗ. ಬರೆದುಕೊಳ್ಳಲು ಪೆನ್ನು ಮುಟ್ಟಲಾಗಲಿಲ್ಲ.

ಅಜ್ಜಿಗೆ ಶೀತ ಶ್ವಾಸಕೋಶಕ್ಕೆ ಇಳಿದಿತ್ತು. ಭಾನುವಾರ, ಸೋಮವಾರ ಡಾಕ್ಟರು ಎರಡೆರಡು ಸಲ ಬಂದರು. ನನ್ನ ಕೋಣೆಯ ಹಲಗೆಯ ನೆಲದ ಅಡಿಯಿಂದ ಆ ಸಿಳ್ಳೆಯ ಸದ್ದು ಕೇಳಿಸುತ್ತಿತ್ತು. ಕೇಳಿಸಿದರೆ ಹೆದರಿಕೆ, ಕೇಳಿಸದಿದ್ದರೆ ಇನ್ನೂ ಹೆದರಿಕೆ. ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ: ಅಜ್ಜಿ ಸತ್ತರೆ ಬಾಗಿಲಿನ ವಿಷಯ ಹೇಳಿಬಿಡುವುದು, ಬದುಕಿದರೆ ಸುಮ್ಮನಿರುವುದು. ಅಂಥ ತೀರ್ಮಾನ ಮಾಡುವ ಮನುಷ್ಯ ನಾನು ಎಂದು ತಿಳಿಯಲು ಏಳು ಸಮುದ್ರ ದಾಟಬೇಕಾಯಿತು. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಮಂಗಳವಾರ ಮಿಸೆಸ್ ಹಾಲ್ ಮೇಲೆ ಬಂದು ಬಾಗಿಲಲ್ಲೇ ನಿಂತರು.

"ಶನಿವಾರ ಬೀದಿ ಬಾಗಿಲು ಒಂದು ಗಂಟೆಗಿಂತ ಹೆಚ್ಚು ತೆರೆದಿತ್ತಂತೆ. ಬೀದಿಯವರೆಲ್ಲ ನೋಡಿದ್ದಾರೆ."

ಎಲ್ಲರೂ ನೋಡಿದ್ದಾರೆ! ಹೇಳಿದೆ. ಹೊಗೆ, ಹೆದರಿಕೆ, ಡಾಕ್ಟರಿಗೆ ಆಡಿದ ಅರ್ಧ ಸುಳ್ಳು, ಎಲ್ಲವನ್ನೂ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. "ನಮ್ಮ ಊರಿನಲ್ಲಿ ಕಾಯಿಲೆಯವರ ಮನೆ ಬಾಗಿಲು ತೆರೆದಿಡುತ್ತೇವೆ. ನೋಡಿದವರು ಒಳಗೆ ಬರುತ್ತಾರೆ" ಎಂದೆ.

ಅವರು ಮೆಟ್ಟಿಲ ಕಡೆ ತಿರುಗಿ, ಮತ್ತೆ ನನ್ನ ಕಡೆ ತಿರುಗಿದರು.

"ಇಲ್ಲಿ ತೆರೆದ ಬಾಗಿಲೊಳಗೆ ನೋಡುವುದು ಮರ್ಯಾದೆಯಲ್ಲ. ಹಗಲು ಹೊತ್ತು ಕಿಟಕಿಗೆ ಪರದೆ ಎಳೆದಿದ್ದರೆ ಆಗ ಬರುತ್ತಾರೆ. ಆ ಮನೆಯಲ್ಲಿ ಸಾವಾಗಿದೆ ಎಂದು ಅರ್ಥ" ಎಂದರು. ಮತ್ತೆ, "ನೀವು ಅವತ್ತೇ ಹೇಳಬೇಕಿತ್ತು" ಎಂದು ಇಳಿದು ಹೋದರು.

ಎರಡು ದಿನ ಮಾತಿಲ್ಲ. ಹೊತ್ತು ಮುಳುಗುವ ಅರ್ಧ ಗಂಟೆ ಮೊದಲು ತಟ್ಟೆ ಮಾತ್ರ ಮೆಟ್ಟಿಲ ಮೇಲೆ ಬಂದು ಕೂತಿರುತ್ತಿತ್ತು. ಅದನ್ನು ನುಂಗುವುದು ಬೈಗುಳಕ್ಕಿಂತ ಕಷ್ಟವಾಗಿತ್ತು. ಬುಧವಾರ ಕಾಲೇಜಿನಲ್ಲಿ ನನ್ನ ಪಾಠ. ಬಸ್ಸು, ಚೀಲ, ಬೂಟು ಎಲ್ಲ ಹೇಳಿದೆ, ಶನಿವಾರದ್ದು ಬಿಟ್ಟೆ. ಪಾಸು ಮಾಡಿದರು. "ಸಾಮಾನುಗಳನ್ನು ನೋಡಿಕೊಂಡ ಉದಾಹರಣೆ ಬೇಕಾದಷ್ಟಿದೆ, ಮನುಷ್ಯರದ್ದು ಒಂದೂ ಇಲ್ಲವಲ್ಲ" ಎಂದರು ಗುರುಗಳು.

ಗುರುವಾರ ಅಜ್ಜಿಯ ಜ್ವರ ಇಳಿಯಿತು. ಅವರು ದಿಂಬಿಗೆ ಒರಗಿ ಸೂಪು ಕುಡಿಯುತ್ತಿದ್ದುದನ್ನು ಮೆಟ್ಟಿಲಿನಿಂದಲೇ ನೋಡಿ ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಮಿಸೆಸ್ ಹಾಲ್ ಕಲ್ಲಿದ್ದಲಿನ ಬಕೆಟ್ಟು ತಂದು ನನ್ನ ಮುಂದೆ ಇಟ್ಟರು.

"ಶನಿವಾರ ನಾನು ಮತ್ತೆ ತಂಗಿಯ ಹತ್ತಿರ ಹೋಗಬೇಕು. ಈಗ ಕಲಿತುಕೊಳ್ಳಿ. ಮೊದಲು ದಪ್ಪದ್ದು, ಒಂದೊಂದಾಗಿ."

ಮತ್ತೆ ಹೆದರಿಕೆ. ಆದರೂ ಅಕ್ಷರ ತಿದ್ದುವ ಮಗು ಮಣ್ಣಲ್ಲಿ ಕೂತ ಹಾಗೆ ಬೆಂಕಿಯ ಮುಂದೆ ಕೂತು ಒಂದೊಂದಾಗಿ ಇಟ್ಟೆ.

ಕಾಗದ

ಅವತ್ತೇ ಹೆಂಡತಿ ಪದ್ಮಾವತಿಗೆ ಕಾಗದ ಬರೆದೆ. ಅಮ್ಮನಿಗೆ ಉಸಿರು ಕಟ್ಟಿದಾಗ ನೀನು ಏನೇನು ಮಾಡುತ್ತಿದ್ದೆ, ಎತ್ತುವುದು ಹೇಗೆ, ಉಣ್ಣಿಸುವುದು ಹೇಗೆ, ಒಂದೂ ಬಿಡದೆ ಬರಿ ಎಂದು ಕೇಳಿದೆ. ಮದುವೆಯಾಗಿ ಹದಿಮೂರು ವರ್ಷದಲ್ಲಿ ಅವಳಿಂದ ಏನನ್ನಾದರೂ ಕಲಿಸಿಕೊಡು ಎಂದು ಕೇಳಿದ್ದು ಅದೇ ಮೊದಲು. ಕೊನೆಯಲ್ಲಿ ಬಾಗಿಲಿನ ಕಥೆಯನ್ನೂ ಸ್ವಲ್ಪ ತಮಾಷೆಯಾಗಿ ಬರೆದು, ನಮ್ಮ ಊರಿನ ಪದ್ಧತಿ ಇಲ್ಲಿ ನಡೆಯಲಿಲ್ಲ ಎಂದು ಸೇರಿಸಿದೆ.

ಎರಡು ಶನಿವಾರ ಹೇಗೋ ಕಳೆದೆ. ಅಜ್ಜಿ ಪ್ರತಿ ಸಲವೂ ಬಾಗಿಲು ಭದ್ರ ಉಂಟೋ ಎಂದು ತಾವೇ ನೋಡಿಕೊಂಡರು. ಮೂರನೆಯ ವಾರ ಉತ್ತರ ಬಂತು, ಪಾಠದ ಹಾಗೆ ನಂಬರು ಹಾಕಿ ಬರೆದದ್ದು. ಎತ್ತುವಾಗ ಕಂಕುಳಿಗೆ ಕೈ ಕೊಡಬಾರದು, ಬೆನ್ನಿಗೆ ಕೊಡಬೇಕು. ಚಮಚವನ್ನು ಬಾಯಿಯ ನಡುವೆ ಅಲ್ಲ, ಬದಿಯಿಂದ ಕೊಡಬೇಕು. ಪಾದ ತಣ್ಣಗಾದರೆ ಮೊದಲು ಪಾದ ತಿಕ್ಕಬೇಕು. ಹೀಗೆ ಎರಡು ಪುಟ. ಅದರ ಕೆಳಗೆ ನಂಬರಿಲ್ಲದ ಒಂದು ತುಂಡು ಇತ್ತು. ಅದನ್ನು ನಾನು ನಿಂತುಕೊಂಡು ಓದಲು ಶುರುಮಾಡಿ, ಕೂತು ಮುಗಿಸಿದೆ.

"ಬಾಗಿಲಿನ ವಿಷಯ ಬರೆದಿದ್ದೀರಿ. ಹಗಲು ಬಾಗಿಲು ತೆರೆದಿಡುವುದು ಎಲ್ಲರ ಮನೆಯಲ್ಲೂ ಉಂಟು. ಆದರೆ ಆಟಿ ತಿಂಗಳ ಮಳೆಯಲ್ಲಿ, ಕಾಯಿಲೆಯವರ ಕಾಲಿಗೆ ಎರಚಲು ಹೊಡೆಯುವಾಗ ತೆರೆದಿಡುವ ಪದ್ಧತಿ ನಮ್ಮ ಊರಿನಲ್ಲಿ ಯಾರಿಗೂ ಇಲ್ಲ. ನಾನು ಎಷ್ಟು ಸಲ ಮುಚ್ಚಲಿಕ್ಕೆ ಹೋದೆ, ಅತ್ತೆ ಬಿಡಲಿಲ್ಲ. ಅವನು ಬಸ್ಸಿಳಿದು ಬರುವುದು ಮಲಗಿದಲ್ಲಿಗೆ ಕಾಣಬೇಕು ಎನ್ನುತ್ತಿದ್ದರು. ಶನಿವಾರವಲ್ಲದೆ ನೀವು ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೂ ಮಂಗಳವಾರವೂ ತೆರೆಸುತ್ತಿದ್ದರು, ಬುಧವಾರವೂ ತೆರೆಸುತ್ತಿದ್ದರು. ಅವನಿಗೆ ಹೇಳಬೇಡ, ಶಾಲೆಯ ಕೆಲಸ ಕೆಡುತ್ತದೆ ಎಂದಿದ್ದರು. ಅದಕ್ಕೆ ನಾನು ಇಷ್ಟು ದಿನ ಹೇಳಲಿಲ್ಲ."